ವಿಲನ್‌ಗೆ ಬಿದ್ದ ಶಿಳ್ಳೆ

1995ರಲ್ಲಿ ‘ಓಂ’ ಬಂದಾಗ ನನಗೆ ಹನ್ನೆರಡು ವರ್ಷ. ತಿಪಟೂರಿನಲ್ಲಿ ನಮ್ಮ ಮನೆ ಎದುರಿಗೆ ಒಂದು ಗ್ಯಾರೇಜ್ ಇತ್ತು. ಅಲ್ಲಿನ ಹುಡುಗರು ಆ ಸಿನಿಮಾವನ್ನು ಎಷ್ಟು ಸಲ ನೋಡಿದರೋ ಲೆಕ್ಕವಿಲ್ಲ. ಒಂದೇ ವಾರದಲ್ಲಿ ಅವರ ನಡಿಗೆ ಬದಲಾಯಿತು. ಸ್ಪ್ಯಾನರ್ ಹಿಡಿಯುವ ರೀತಿಯೂ ಬದಲಾಯಿತು. ನಮ್ಮಪ್ಪ ಪೇಪರ್ ಮಡಚಿಟ್ಟು, “ಇಂಥಾ ಸಿನಿಮಾ ನೋಡಿನೇ ಹುಡುಗ್ರು ಹಾಳಾಗೋದು” ಅಂತ ತೀರ್ಪು ಕೊಟ್ಟರು. ಅಪ್ಪ ಆ ಸಿನಿಮಾ ನೋಡಿರಲಿಲ್ಲ. ನೋಡಿದ್ದರೆ ಗೊತ್ತಾಗುತ್ತಿತ್ತು: ಪೂಜಾರಿಯ ಮಗ ರೌಡಿಯಾಗುವ ಆ ಕಥೆ ಕೊನೆಗೆ ಹೇಳುವುದೂ ‘ಇದೆಲ್ಲ ಬೇಡ ಕಣ್ರೋ’ ಅಂತಲೇ. ಗ್ಯಾರೇಜಿನ ಹುಡುಗರು ಆ ಬುದ್ಧಿಮಾತನ್ನು ಥಿಯೇಟರ್‌ನಲ್ಲೇ ಬಿಟ್ಟು, ನಡಿಗೆಯನ್ನು ಮಾತ್ರ ಮನೆಗೆ ತಂದಿದ್ದರು.

ಇದು ನೆನಪಾಗಿದ್ದು ಎಷ್ಟೋ ವರ್ಷ ಆದಮೇಲೆ, ಬಹಳ ದೂರದ ಊರಿನಲ್ಲಿ. 2011ರಲ್ಲಿ ಆಫೀಸ್ ಕೆಲಸದ ಮೇಲೆ ಮೂರು ತಿಂಗಳು ಜೊಹಾನ್ಸ್‌ಬರ್ಗ್‌ನಲ್ಲಿದ್ದೆ. ಸ್ಯಾಂಡ್‌ಟನ್‌ನಲ್ಲಿ ಗಾಜಿನ ಕಟ್ಟಡ, ಸ್ವಲ್ಪ ದೂರದಲ್ಲಿ ಹೋಟೆಲ್. ನಡೆದುಕೊಂಡು ಮಾತ್ರ ಓಡಾಡಬೇಡಿ ಅಂತ ಎಲ್ಲರೂ ಹೆದರಿಸಿಟ್ಟಿದ್ದರು. ಹಾಗಾಗಿ ದಿನಾ ಒಬ್ಬ ಡ್ರೈವರ್ ಬರುತ್ತಿದ್ದರು. ವಯಸ್ಸು ಐವತ್ತರ ಆಸುಪಾಸು. ಊರ ಹೊರಗಿನ ಸೊವೆಟೊ ಟೌನ್‌ಶಿಪ್‌ನ ಮೆಡೋಲ್ಯಾಂಡ್ಸ್‌ನವರು. ನಾನು ಇಂಡಿಯಾದವನು ಅಂತ ಗೊತ್ತಾದ ಮೇಲೆ ಮಾತು ಸಿನಿಮಾಕ್ಕೆ ಬರಲು ಎರಡು ಸಿಗ್ನಲ್ ಸಾಕಾಯಿತು. (ಅಲ್ಲಿ ಸಿಗ್ನಲ್‌ಗೆ ‘ರೋಬೋಟ್’ ಅನ್ನುತ್ತಾರೆ. ‘ರೋಬೋಟ್ ಹತ್ತಿರ ಎಡಕ್ಕೆ ತಿರುಗಿ’ ಅಂದಾಗ ಮೊದಲ ದಿನ ನಾನು ನಿಜವಾಗಿಯೂ ರೋಬೋಟ್ ಹುಡುಕಿದ್ದೆ.) ಆಸ್ಕರ್ ಬಂದ ದಕ್ಷಿಣ ಆಫ್ರಿಕಾದ ಗ್ಯಾಂಗ್‌ಸ್ಟರ್ ಸಿನಿಮಾ ‘ಟ್ಸೋಟ್ಸಿ’ ನೋಡಿದ್ದೇನೆ ಅಂದೆ, ಸ್ವಲ್ಪ ಜಂಬದಿಂದಲೇ. ಅವರು ನಕ್ಕರು.

“ಅದು ನಿಮ್ಮಂಥವರಿಗೆ ಮಾಡಿದ್ದು. ನಮಗೆ ಅಂತ ಮಾಡಿದ್ದು ಬೇರೆ ಇದ್ದವು” ಅಂದರು.

ಆಮೇಲೆ ಒಂದು ಸಿನಿಮಾದ ಬಗ್ಗೆ ಹೇಳಿದರು. ಅವರು ಹುಡುಗನಾಗಿದ್ದಾಗ ಚರ್ಚ್ ಹಾಲ್‌ನಲ್ಲಿ ಬೆಡ್‌ಶೀಟ್ ಕಟ್ಟಿ ತೋರಿಸಿದ್ದು. ಜೂಲೂ ಭಾಷೆಯದು. ಊರಿಗೊಬ್ಬ ಗ್ಯಾಂಗ್‌ಸ್ಟರ್, ಅವನನ್ನು ಹಿಡಿಯಲು ಒಬ್ಬ ಒಳ್ಳೆಯವನು. ಹೆಸರು ಮರೆತುಹೋಗಿತ್ತು. ಹೀರೋ ಮುಖವೂ ನೆನಪಿರಲಿಲ್ಲ. “ವಿಲನ್‌ನ ಹ್ಯಾಟ್ ಮಾತ್ರ ಹೀಗೆ ಕಣ್ಣಿಗೆ ಕಟ್ಟಿದಂಗಿದೆ” ಅಂತ ಸ್ಟೀರಿಂಗ್ ಬಿಟ್ಟು ಒಂದು ಕೈ ಎತ್ತಿ, ಹಣೆಯ ಮೇಲೆ ಹ್ಯಾಟನ್ನು ಓರೆ ಮಾಡಿ ತೋರಿಸಿದರು.

ಆ ಓರೆ ಹ್ಯಾಟಿನ ಹಿಂದೆ ಬಿದ್ದು ನಾನು ಓದಲು ಶುರು ಮಾಡಿದೆ. ಇನ್ನೂ ಬಿಟ್ಟಿಲ್ಲ.

ಮೊದಲು ‘ಟೌನ್‌ಶಿಪ್’ ಅನ್ನುವ ಪದದ ಬಗ್ಗೆ ಒಂದು ಮಾತು. ನಮಗೆ ಟೌನ್‌ಶಿಪ್ ಅಂದರೆ ಕುದುರೆಮುಖದಂಥದ್ದು. ಸಾಲಾಗಿ ಕ್ವಾರ್ಟರ್ಸು, ಒಂದು ಸ್ಕೂಲು, ಒಂದು ಕ್ಲಬ್ಬು. ಈಗಿನವರಿಗೆ ಗೇಟು, ಈಜುಕೊಳ, ಸೆಕ್ಯುರಿಟಿಯವರು ಇರುವ ಅಪಾರ್ಟ್‌ಮೆಂಟ್. ದಕ್ಷಿಣ ಆಫ್ರಿಕಾದಲ್ಲಿ ಅದೇ ಪದಕ್ಕೆ ಪೂರ್ತಿ ಉಲ್ಟಾ ಅರ್ಥ. ವರ್ಣಭೇದದ ಕಾಲದಲ್ಲಿ ಬಿಳಿಯರ ಪಟ್ಟಣದಿಂದ ದೂರ, ಕಪ್ಪು ಜನರನ್ನು ತಳ್ಳಿದ ಜಾಗ ಅದು. ಹಗಲು ಪಟ್ಟಣದಲ್ಲಿ ದುಡಿಯಬೇಕು, ರಾತ್ರಿ ಅಲ್ಲಿಗೆ ವಾಪಸ್. ಜೇಬಿನಲ್ಲಿ ಪಾಸ್ ಬುಕ್, ಅಂದರೆ ಓಡಾಡಲು ಸರ್ಕಾರ ಕೊಟ್ಟ ಪರವಾನಗಿ, ಇಲ್ಲದಿದ್ದರೆ ಜೈಲು. ಸೊವೆಟೊ ಅನ್ನುವುದು ಕೂಡ ಒಂದು ಊರಿನ ಹೆಸರಾಗಿ ಹುಟ್ಟಿದ್ದಲ್ಲ. ‘ಸೌತ್ ವೆಸ್ಟರ್ನ್ ಟೌನ್‌ಶಿಪ್ಸ್’ ಅನ್ನುವ ಸರ್ಕಾರಿ ಫೈಲಿನ ಹೆಸರನ್ನು ಮೊಟಕು ಮಾಡಿದ್ದು, ಅಷ್ಟೇ.

ಆದರೆ ಗ್ಯಾಂಗ್‌ಸ್ಟರ್ ಸಿನಿಮಾದ ಕಥೆ ಸೊವೆಟೊಗಿಂತ ಮೊದಲು, ಸೋಫಿಯಾಟೌನ್‌ನಲ್ಲಿ ಶುರುವಾಗುತ್ತದೆ. ಜೊಹಾನ್ಸ್‌ಬರ್ಗ್‌ನ ಪಶ್ಚಿಮಕ್ಕಿದ್ದ ಇಕ್ಕಟ್ಟಿನ, ಗಿಜಿಗುಟ್ಟುವ ಬಡಾವಣೆ. ಕಪ್ಪು ಜನ ಸ್ವಂತ ಜಾಗ ಕೊಳ್ಳಲು ಸಾಧ್ಯವಿದ್ದ ಕೆಲವೇ ಜಾಗಗಳಲ್ಲಿ ಅದೂ ಒಂದು. ಜಾಝ್ ಸಂಗೀತ, ಕಳ್ಳ ಸಾರಾಯಿ ಮಾರುವ ಶೆಬೀನ್ ಮನೆಗಳು, ‘ಡ್ರಮ್’ ಪತ್ರಿಕೆಯ ಬರಹಗಾರರು, ಜೊತೆಗೆ ಓಡಿನ್ ಅನ್ನುವ ದೊಡ್ಡ ಥಿಯೇಟರ್. ಅಲ್ಲಿ ಸಿನಿಮಾಕ್ಕೆ ಬಯಾಸ್ಕೋಪು ಅನ್ನುತ್ತಿದ್ದರು. ನಮ್ಮಜ್ಜಿಯೂ ಕೊನೆಯವರೆಗೆ ಬಯಾಸ್ಕೋಪು ಅಂತಲೇ ಅನ್ನುತ್ತಿದ್ದರು. ಎರಡು ಕಡೆಗೂ ಆ ಪದ ಒಂದೇ ಬ್ರಿಟಿಷರ ಹಡಗಿನಲ್ಲಿ ಬಂದಿರಬೇಕು.

1948ರಲ್ಲಿ ‘ದ ಸ್ಟ್ರೀಟ್ ವಿತ್ ನೋ ನೇಮ್’ ಅಂತ ಒಂದು ಹಾಲಿವುಡ್ ಸಿನಿಮಾ ಬಂತು. ಎಫ್‌ಬಿಐ ಸಹಕಾರದಿಂದ ಮಾಡಿದ್ದು. ಪೊಲೀಸರು ಎಷ್ಟು ಜಾಣರು, ಕಳ್ಳರು ಹೇಗೆ ಸಿಕ್ಕಿಬೀಳುತ್ತಾರೆ ಅಂತ ತೋರಿಸುವುದೇ ಅದರ ಉದ್ದೇಶ. ಅದರಲ್ಲಿ ಸ್ಟೈಲ್ಸ್ ಅನ್ನುವ ಗ್ಯಾಂಗ್ ಲೀಡರ್ ಪಾತ್ರ ಮಾಡಿದ್ದು ರಿಚರ್ಡ್ ವಿಡ್ಮಾರ್ಕ್. ಉದ್ದನೆಯ ಕೋಟು. ಮೂಗಿಗೆ ಇನ್‌ಹೇಲರ್ ಇಟ್ಟು ಎಳೆಯುವ ಚಟ. ಸೇಬು ಕಚ್ಚುತ್ತಾ ತಣ್ಣಗೆ ಮಾತಾಡುವ ಗತ್ತು. ಓಡಿನ್ ಥಿಯೇಟರ್‌ನಲ್ಲಿ ಈ ಸಿನಿಮಾಕ್ಕೆ ಜನ ಮುಗಿಬಿದ್ದರು. ಆಗ ‘ಡ್ರಮ್’ ಸಂಪಾದಕರಾಗಿದ್ದ ಆಂಥನಿ ಸ್ಯಾಂಪ್ಸನ್ ಆ ಪ್ರೇಕ್ಷಕರ ಗಲಾಟೆಯ ಬಗ್ಗೆ ಬರೆದಿದ್ದಾರೆ. ಸ್ಟೈಲ್ಸ್ ಪರದೆ ಮೇಲೆ ಬಂದರೆ ಕೂಗು. ಅವನ ಡೈಲಾಗ್ ಅವನಿಗಿಂತ ಮೊದಲೇ ಪ್ರೇಕ್ಷಕರ ಬಾಯಲ್ಲಿ. ಎಫ್‌ಬಿಐನವನನ್ನು ಕೇಳುವವರೇ ಇಲ್ಲ. ನಮ್ಮ ಗಾಂಧಿ ಕ್ಲಾಸ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಯಾಕೆ ಹಾಗೆ? ನನಗನ್ನಿಸುವುದು ಇಷ್ಟು. ಸೋಫಿಯಾಟೌನ್ ಹುಡುಗನಿಗೆ ಪೊಲೀಸ್ ಅಂದರೆ ಬೆಳಗಿನ ಜಾವ ಬಾಗಿಲು ಒದ್ದು ಪಾಸ್ ಕೇಳುವವನು. ಅಮ್ಮ ಮಾಡಿಟ್ಟ ಬಿಯರ್ ಮಡಕೆಯನ್ನು ಮೋರಿಗೆ ಸುರಿಯುವವನು. ಅಂಥವನು ಗೆಲ್ಲುವುದನ್ನು ದುಡ್ಡು ಕೊಟ್ಟು ಯಾರು ನೋಡುತ್ತಾರೆ? ಆ ಪರದೆ ಮೇಲೆ ಯಾರಿಗೂ ತಲೆಬಾಗದೆ, ಒಳ್ಳೆ ಬಟ್ಟೆ ಹಾಕಿ, ತನ್ನಿಷ್ಟದಂತೆ ಓಡಾಡುತ್ತಿದ್ದವನು ಸ್ಟೈಲ್ಸ್ ಒಬ್ಬನೇ. ಇನ್ನೊಂದು ಮಾತು. ಆ ಕಾಲದ ಸೆನ್ಸಾರ್‌ನವರು ಕೆಲವು ಸಿನಿಮಾಗಳನ್ನು ಮಕ್ಕಳಿಗೂ ಕಪ್ಪು ಜನರಿಗೂ ತೋರಿಸಬಾರದು ಅಂತ ಒಂದೇ ಸಾಲಿನಲ್ಲಿ ಬರೆಯುತ್ತಿದ್ದರು. ಐವತ್ತು ವರ್ಷದ ಮೇಷ್ಟ್ರನ್ನೂ ಐದು ವರ್ಷದ ಮಗುವನ್ನೂ ಒಂದೇ ತಕ್ಕಡಿಗೆ ಹಾಕಿದಂತೆ.

ಬೀದಿಗೆ ಬಂದರೆ ಗ್ಯಾಂಗ್‌ಗಳ ಹೆಸರುಗಳೇ ಒಂದು ಸಿನಿಮಾ ಪೋಸ್ಟರ್. ಅಮೆರಿಕನ್ಸ್, ಬರ್ಲಿನರ್ಸ್, ಗೆಸ್ಟಾಪೊ, ವಲ್ಚರ್ಸ್. ಅಮೆರಿಕನ್ಸ್ ಗ್ಯಾಂಗಿನವರು ಅಮೆರಿಕದ ಬಟ್ಟೆಯೇ ಆಗಬೇಕು ಅನ್ನುವವರು, ದೊಡ್ಡ ಅಮೆರಿಕನ್ ಕಾರಿನಲ್ಲಿ ಓಡಾಡುವವರು. ರೈಲ್ವೆ ಸರಕು ಕದ್ದು ಬಡಾವಣೆಯಲ್ಲಿ ಅಗ್ಗಕ್ಕೆ ಮಾರುತ್ತಿದ್ದರು. ಇಂಥ ಪುಂಡರನ್ನು ಕರೆಯುವ ‘ಟ್ಸೋಟ್ಸಿ’ ಅನ್ನುವ ಪದವೇ ‘ಝೂಟ್ ಸೂಟ್’ ಅನ್ನುವ ಅಮೆರಿಕದ ಉಡುಪಿನ ಹೆಸರು ನಾಲಿಗೆಯಲ್ಲಿ ಹೊರಳಿ ಹುಟ್ಟಿದ್ದು ಅಂತ ಒಂದು ವಾದವಿದೆ. ಅವರ ಟ್ಸೋಟ್ಸಿತಾಲ್ ಭಾಷೆಯ ಬುಡ ಮಾತ್ರ ಆಫ್ರಿಕಾನ್ಸ್, ಅಂದರೆ ಒದೆಯುತ್ತಿದ್ದ ಪೊಲೀಸರದೇ ಭಾಷೆ. ಕದಿಯುವವರು ಭಾಷೆಯನ್ನು ಯಾಕೆ ಬಿಟ್ಟಾರು?

ಇಲ್ಲಿ ನಾನು ಸ್ವಲ್ಪ ಹುಷಾರಾಗಬೇಕು. ದೂರದಿಂದ ಓದುವಾಗ ಇದೆಲ್ಲ ಚಂದ ಕಾಣುತ್ತದೆ. ಶುಕ್ರವಾರ ಸಂಬಳ ತಗೊಂಡು ರೈಲಿನಲ್ಲಿ ಮನೆಗೆ ಬರುತ್ತಿದ್ದ ಕೂಲಿಯವನ ಜೇಬನ್ನು ಕುಯ್ಯುತ್ತಿದ್ದವರೂ ಇದೇ ಹುಡುಗರು. ಹೆಣ್ಣುಮಕ್ಕಳು ಕತ್ತಲಾದ ಮೇಲೆ ಓಡಾಡಲು ಹೆದರುತ್ತಿದ್ದದ್ದು ಪೊಲೀಸರಿಗೆ ಮಾತ್ರ ಅಲ್ಲ. ಕೋಟಿನ ಕಥೆ ಹೇಳುವವರು ಚಾಕುವಿನ ಕಥೆ ಹೇಳುವುದು ಕಡಿಮೆ. ವಲ್ಚರ್ಸ್ ಗ್ಯಾಂಗಿನ ನಾಯಕನಾಗಿದ್ದ ಡಾನ್ ಮಟೇರಾ ಆಮೇಲೆ ಕವಿಯಾದರು, ಪತ್ರಕರ್ತರಾದರು. 1987ರಲ್ಲಿ ಬಂದ ತಮ್ಮ ನೆನಪಿನ ಪುಸ್ತಕದಲ್ಲಿ ಅವರು ಎರಡೂ ಕಥೆ ಹೇಳಿದ್ದಾರೆ.

1955ರ ಫೆಬ್ರವರಿ 9ರಂದು ಎರಡು ಸಾವಿರ ಪೊಲೀಸರು ಬಂದೂಕು ಹಿಡಿದು ಬಂದರು. ಸೋಫಿಯಾಟೌನ್ ಜನರನ್ನು ಲಾರಿಗೆ ತುಂಬಿ ಮೆಡೋಲ್ಯಾಂಡ್ಸ್‌ಗೆ ಸಾಗಿಸುವ ಕೆಲಸ ಅಂದು ಶುರುವಾಯಿತು. ಕೆಡವಿದ ಜಾಗದಲ್ಲಿ ಬಿಳಿಯರಿಗೆ ಮನೆ ಕಟ್ಟಿ ‘ಟ್ರಿಯಾಂಫ್’ ಅಂತ ಹೆಸರಿಟ್ಟರು. ಆಫ್ರಿಕಾನ್ಸ್‌ನಲ್ಲಿ ಹಾಗಂದರೆ ವಿಜಯ. ನನ್ನ ಡ್ರೈವರ್ ಅವರ ತಾಯಿ ಆ ಲಾರಿಯಲ್ಲಿ ಬಂದವರು.

ಇಷ್ಟು ಹೊತ್ತು ಹೇಳಿದ್ದು ಬೇರೆಯವರ ಸಿನಿಮಾ. ಟೌನ್‌ಶಿಪ್‌ನವರದೇ ಮುಖ ಪರದೆ ಮೇಲೆ ಸಾಲುಸಾಲಾಗಿ ಬರತೊಡಗಿದ್ದು ಎಪ್ಪತ್ತರ ದಶಕದಲ್ಲಿ. ಅದನ್ನು ತಂದವರು ಯಾರು ಅಂದರೆ ನಗು ಬರುತ್ತದೆ. ಟೋನಿ ವಾನ್ ಡರ್ ಮರ್ವೆ ಅನ್ನುವ ಬಿಳಿಯ ಬಿಲ್ಡಿಂಗ್ ಕಂಟ್ರಾಕ್ಟರ್. 1973ರ ಹೊತ್ತಿಗೆ ಅವರು ‘ಜೋ ಬುಲೆಟ್’ ನಿರ್ಮಿಸಿದರು, ಲೂಯಿ ಡಿ ವಿಟ್ ನಿರ್ದೇಶನದಲ್ಲಿ. ಫುಟ್‌ಬಾಲ್ ಫೈನಲ್ ಹತ್ತಿರವಿದೆ, ಗ್ಯಾಂಗ್‌ಸ್ಟರ್‌ಗಳು ತಂಡದ ಹಿಂದೆ ಬಿದ್ದಿದ್ದಾರೆ, ಕಾಪಾಡಲು ಜೋ ಬುಲೆಟ್ ಬರುತ್ತಾನೆ. ಕರಾಟೆ, ಕಾರು, ಬಂದೂಕು, ಬಾಂಬು, ಒಂದನ್ನೂ ಬಿಟ್ಟಿಲ್ಲ. ಕೆನ್ ಗಂಪು ಹೀರೋ. ‘ದ ಗಾಡ್ಸ್ ಮಸ್ಟ್ ಬಿ ಕ್ರೇಜಿ’ ನಮ್ಮೂರಲ್ಲೂ ಎಷ್ಟೋ ಜನ ನೋಡಿ ನಕ್ಕಿದ್ದೇವಲ್ಲ, ಅದರಲ್ಲಿ ಅಧ್ಯಕ್ಷರ ಪಾತ್ರ ಮಾಡಿದವರು ಇವರೇ. ಜೊತೆಗೆ ಗಾಯಕಿ ಅಬಿಗೈಲ್ ಕುಬೆಕಾ.

ನಾನು ಸಿನಿಮಾ ನೋಡಿದೆ. ಫೈಟ್‌ಗಳು ನಮ್ಮ ಎಪ್ಪತ್ತರ ದಶಕದ ಫೈಟ್‌ಗಳ ಹಾಗೆಯೇ ಇವೆ. ಹೊಡೆತ ಬೀಳುವ ಮೊದಲೇ ಎದುರಾಳಿ ಹಾರಿರುತ್ತಾನೆ. ಆದರೂ ಕೆನ್ ಗಂಪು ಕಾರಿನಿಂದ ಇಳಿದು ಬಾಗಿಲು ಹಾಕುವ ರೀತಿ ನೋಡಿದಾಗ ನನ್ನ ಬೆನ್ನೂ ಒಮ್ಮೆ ನೆಟ್ಟಗಾಯಿತು. ಸೊವೆಟೊದ ಏಯೆತು ಥಿಯೇಟರ್‌ನಲ್ಲಿ ಎರಡು ಪ್ರದರ್ಶನ ಆಯಿತು. ಆಮೇಲೆ ಸರ್ಕಾರ ನಿಷೇಧ ಹಾಕಿತು. ಕಪ್ಪು ಮನುಷ್ಯನ ಕೈಯಲ್ಲಿ ಬಂದೂಕು, ಒಳ್ಳೆ ಕಾರು, ಒಳ್ಳೆ ಮನೆ. ಇದನ್ನು ಸಹಿಸುವುದು ಅವರಿಂದ ಆಗಲಿಲ್ಲ. ಆ ಸಿನಿಮಾದಲ್ಲಿ ರಾಜಕೀಯದ ಒಂದು ಅಕ್ಷರವೂ ಇಲ್ಲ. ದುಡ್ಡು ಮಾಡಲು ಹೊರಟ ಕಂಟ್ರಾಕ್ಟರ್‌ಗೆ ಅದು ಬೇಕಾಗಿಯೂ ಇರಲಿಲ್ಲ. ಆದರೆ ಸೆನ್ಸಾರ್‌ನವರು ಒಂದು ವಿಷಯದಲ್ಲಿ ಗಾಂಧಿ ಕ್ಲಾಸಿನವರಷ್ಟೇ ಚುರುಕು. ಕಥೆ ಬಿಟ್ಟು ಕಾರು ನೋಡಿದರು.

ಮುಂದಿನದು ಇನ್ನೂ ಸ್ವಾರಸ್ಯ. ಅದೇ ಸರ್ಕಾರ ಕಪ್ಪು ಜನರ ಭಾಷೆಯ ಸಿನಿಮಾಗಳಿಗೆ ಬೇರೆಯದೇ ಸಬ್ಸಿಡಿ ಶುರು ಮಾಡಿತು. ಬಿ-ಸ್ಕೀಮ್ ಅಂತ ಹೆಸರು. ಬಿಳಿಯರ ಸಿನಿಮಾಕ್ಕೆ ಎ, ಇವರದ್ದಕ್ಕೆ ಬಿ. ಜೂಲೂ, ಖೋಸಾ, ಸೋಥೊ ಭಾಷೆಗಳಲ್ಲಿ ಸಾಲುಸಾಲಾಗಿ ಸಿನಿಮಾ ಬಂದವು. ವಾನ್ ಡರ್ ಮರ್ವೆ ಒಬ್ಬರೇ ನೂರಾರು ಮಾಡಿದರು. ಗಂಟೆ ಒಂದೂಕಾಲು ಗಂಟೆಯ ಅಗ್ಗದ ಸರಕು. ನಿರ್ದೇಶಕರಿಗೆ ಎಷ್ಟೋ ಸಲ ಆ ಭಾಷೆಯೇ ಬಾರದು. ‘ಇಲ್ಲಿ ಕೋಪ ಮಾಡಿಕೋ, ಅಲ್ಲಿ ಓಡು’ ಅಂತ ಹೇಳಿದರೆ ನಟರೇ ಮಾತು ಕಟ್ಟಿಕೊಳ್ಳಬೇಕು. ಏನು ಮಾತಾಡಿದರು ಅಂತ ಕ್ಯಾಮೆರಾ ಹಿಂದಿನವರಿಗೆ ಗೊತ್ತಿಲ್ಲ! ಆ ಮಾತುಗಳಲ್ಲಿ ಏನೇನು ತೂರಿಸಿದರೋ ಅಂತ ಯೋಚಿಸಿದರೆ ಖುಷಿಯಾಗುತ್ತದೆ.

ನೀತಿ ಮಾತ್ರ ಬಹುಪಾಲು ಒಂದೇ. ಹಳ್ಳಿ ಒಳ್ಳೆಯದು, ಪಟ್ಟಣ ಕೆಟ್ಟದು. ಕಳ್ಳ ಸಿಕ್ಕಿಬೀಳುತ್ತಾನೆ. ಬಿಳಿಯರು ಕಾಣುವುದೇ ಅಪರೂಪ, ಪಾಸ್ ಬುಕ್ ಸುದ್ದಿಯಂತೂ ಇಲ್ಲವೇ ಇಲ್ಲ. ಆ ದೇಶದಲ್ಲಿ ಟಿವಿ ಬಂದಿದ್ದೇ 1976ರಲ್ಲಿ, ಟೌನ್‌ಶಿಪ್‌ನಲ್ಲಿ ಥಿಯೇಟರ್ ಬೆರಳೆಣಿಕೆ. ಹಾಗಾಗಿ ವ್ಯಾನಿನಲ್ಲಿ ಪ್ರೊಜೆಕ್ಟರ್ ಹಾಕಿಕೊಂಡು ಚರ್ಚಿಗೆ, ಸ್ಕೂಲಿಗೆ, ಬಿಯರ್ ಹಾಲ್‌ಗೆ ಹೋಗಿ ತೋರಿಸುತ್ತಿದ್ದರು. ಸಬ್ಸಿಡಿ ಟಿಕೆಟ್ ಲೆಕ್ಕದ ಮೇಲೆ. ಲೆಕ್ಕದ ಮೇಲೆ ದುಡ್ಡು ಅಂದಮೇಲೆ ಕಳ್ಳಲೆಕ್ಕ ಹುಟ್ಟದೆ ಇರುತ್ತದಾ? ನೋಡದ ಜನರ ಹೆಸರಿನಲ್ಲಿ ಟಿಕೆಟ್ ಹರಿದವರು ಬೇಕಾದಷ್ಟು. ಸಬ್ಸಿಡಿಗೆ ಅಂತಲೇ ಸಿನಿಮಾ ಮಾಡುವವರ ಬಗ್ಗೆ ಗಾಂಧಿನಗರದಲ್ಲಿ ಓಡಾಡುವ ಜೋಕುಗಳು ಇದರ ಮುಂದೆ ಏನೇನೂ ಅಲ್ಲ. ‘ಕಳ್ಳತನ ಮಾಡಬೇಡ’ ಅಂತ ಹೇಳುವ ಸಿನಿಮಾ ತೋರಿಸಿ ಬೊಕ್ಕಸ ದೋಚುವುದು. ಇದಕ್ಕಿಂತ ಒಳ್ಳೆ ಗ್ಯಾಂಗ್‌ಸ್ಟರ್ ಕಥೆಯನ್ನು ಅವರೇ ಬರೆಯಲಿಲ್ಲ.

ಇದರಲ್ಲಿ ನನಗೆ ತುಂಬಾ ಕಾಡಿದ್ದು ಸೈಮನ್ ಸಬೇಲಾ ಕಥೆ. ಮೊದಲ ಕಪ್ಪು ನಿರ್ದೇಶಕರಲ್ಲಿ ಒಬ್ಬರು. 1975ರಲ್ಲಿ ‘ಉ-ದೆಲಿವೆ’ ಮಾಡಿದರು, ಪಟ್ಟಣಕ್ಕೆ ಬಂದ ಹಳ್ಳಿ ಹುಡುಗಿಯ ಕಥೆ. ಜನ ಇಷ್ಟಪಟ್ಟು ನೋಡಿದರು. ಎಪ್ಪತ್ತರ ಕೊನೆಗೆ ಮಾಹಿತಿ ಇಲಾಖೆಯ ದೊಡ್ಡ ಹಗರಣ ಹೊರಬಿತ್ತು. ಸಬೇಲಾ ಕೆಲಸ ಮಾಡುತ್ತಿದ್ದ ಕಂಪನಿಗೆ ಗುಟ್ಟಾಗಿ ದುಡ್ಡು ಹಾಕುತ್ತಿದ್ದದ್ದು ಸರ್ಕಾರವೇ ಅಂತ ಆಗ ಗೊತ್ತಾಯಿತು. ಆ ಮನುಷ್ಯನಿಗೇ ಅದು ತಿಳಿದಿರಲಿಲ್ಲ. ನನ್ನ ಕಥೆ ನಾನು ಹೇಳುತ್ತಿದ್ದೇನೆ ಅಂದುಕೊಂಡು ಬೇರೆಯವರ ಪೆನ್ನಿನಲ್ಲಿ ಬರೆದ ಹಾಗಾಯಿತು ಅವರ ಪಾಡು. ಆದರೆ ಅದನ್ನು ನೋಡಿ ಅತ್ತವರ ಕಣ್ಣೀರು ಇಲಾಖೆಯದ್ದು ಅನ್ನಲಾಗುತ್ತದಾ?

ಸರ್ಕಾರಕ್ಕೆ ಗ್ಯಾಂಗ್‌ಸ್ಟರ್ ಸಿನಿಮಾ ಅಂದರೆ ನಿರಪಾಯದ ಸರಕು ಅಂತ ಅಭ್ಯಾಸ ಆಗಿಹೋಗಿತ್ತಲ್ಲ, ಅದನ್ನೇ ಬಳಸಿಕೊಂಡವರು ಆಲಿವರ್ ಶ್ಮಿಟ್ಸ್ ಮತ್ತು ಥಾಮಸ್ ಮೊಗೊಟ್ಲಾನೆ. ದೇಶದಲ್ಲಿ ತುರ್ತು ಪರಿಸ್ಥಿತಿ. ಶೂಟಿಂಗ್‌ಗೆ ಒಪ್ಪಿಗೆ ಬೇಕು. ಅಧಿಕಾರಿಗಳಿಗೆ ಒಂದು ಮಾಮೂಲಿ ಪುಂಡನ ಕಥೆ ತೋರಿಸಿದರು. ತೆಗೆದದ್ದು 1988ರ ‘ಮಪಾಂಟ್ಸುಲಾ’. ಪ್ಯಾನಿಕ್ ಅನ್ನುವ ಜೇಬುಗಳ್ಳ, ಶೋಕಿಲಾಲ. ಹೋರಾಟ ಗೀರಾಟ ಅವನಿಗೆ ಬೇಡ. ಪೊಲೀಸರು ಅವನನ್ನು ಹೋರಾಟಗಾರರ ಜೊತೆ ಒಂದೇ ಸೆಲ್‌ಗೆ ಹಾಕುತ್ತಾರೆ. ಒಂದು ಕಾಗದಕ್ಕೆ ಸಹಿ ಹಾಕಿ ಇನ್ನೊಬ್ಬನನ್ನು ಸಿಕ್ಕಿಸು, ನಿನ್ನನ್ನು ಬಿಡುತ್ತೇವೆ ಅನ್ನುತ್ತಾರೆ. ಕೊನೆಗೆ ಅವನು ‘ಇಲ್ಲ’ ಅನ್ನುತ್ತಾನೆ. ಅಷ್ಟೇ ಕಥೆ. ಭಾಷಣ ಇಲ್ಲ. ಸ್ವಾರ್ಥಿ ಕಳ್ಳನೊಬ್ಬ ಬಾಯಿ ಬಿಟ್ಟು ಹೇಳಿದ ಆ ಒಂದು ಪದಕ್ಕೆ ಇರುವ ತೂಕ ಯಾವ ನಾಯಕನ ಭಾಷಣಕ್ಕೂ ನನಗೆ ಕಂಡಿಲ್ಲ. ಸಿನಿಮಾ ಕಾನ್ ಉತ್ಸವಕ್ಕೆ ಹೋಯಿತು. ತಾಯ್ನಾಡಿನ ಥಿಯೇಟರ್‌ಗೆ ಬಿಡಲಿಲ್ಲ. ವಿಡಿಯೋ ಕ್ಯಾಸೆಟ್‌ನಲ್ಲಿ ಮನೆಮನೆಗೆ ಹೋಯಿತು.

1994ರಲ್ಲಿ ವರ್ಣಭೇದದ ಆಳ್ವಿಕೆ ಮುಗಿದು ಕಾಲ ಬದಲಾಯಿತು. ಈಗ ಸರ್ಕಾರ ಕಪ್ಪು ಜನರದೇ, ಸಿನಿಮಾ ಅವರದೇ. ಆದರೂ ಆ ಹಳೆಯ ತಾಪತ್ರಯ ಹೋಗಲಿಲ್ಲ. 1999ರಲ್ಲಿ ‘ಯಿಝೊ ಯಿಝೊ’ ಅನ್ನುವ ಧಾರಾವಾಹಿ ಟಿವಿಯಲ್ಲಿ ಬಂತು. ಟೌನ್‌ಶಿಪ್ ಶಾಲೆಗಳ ಗತಿ ಏನಾಗಿದೆ ಅಂತ ಜನ ಮಾತಾಡಲಿ ಅಂತ ಶಿಕ್ಷಣ ಇಲಾಖೆಯ ಜೊತೆ ಸೇರಿ ಮಾಡಿಸಿದ್ದು. ಒಳ್ಳೆ ಉದ್ದೇಶ. ಜನರ ಬಾಯಲ್ಲಿ ಉಳಿದ ಹೆಸರು ಮಾತ್ರ ಪಾಪಾ ಆಕ್ಷನ್, ಚೆಸ್ಟರ್. ಇಬ್ಬರೂ ಪುಂಡರು. ಮಕ್ಕಳು ಅವರನ್ನು ಅನುಕರಿಸುತ್ತಿದ್ದಾರೆ ಅಂತ ಅಪ್ಪ ಅಮ್ಮಂದಿರು ಕೂಗಾಡಿದರು. 2001ರಲ್ಲಿ ಎರಡನೇ ಭಾಗ ಬಂದಾಗ ಜೈಲಿನ ಒಂದು ದೃಶ್ಯದ ಬಗ್ಗೆ ಸಂಸತ್ತಿನಲ್ಲೇ ಜಗಳ ನಡೆಯಿತು. ನಮ್ಮಪ್ಪನ ತೀರ್ಪು ಸಂಸತ್ತಿರುವ ಕೇಪ್‌ಟೌನ್‌ವರೆಗೂ ಹೋಗಿತ್ತು.

ಅಪ್ಪನ ಮಾತು ಪೂರ್ತಿ ಸುಳ್ಳು ಅನ್ನಲಾರೆ. ಸಿನಿಮಾದಿಂದ ಏನೂ ಆಗಲ್ಲ ಅನ್ನುವವರನ್ನು ನಾನು ನಂಬುವುದಿಲ್ಲ. ನಡಿಗೆ ಬದಲಾಗುವುದನ್ನು ಕಣ್ಣಾರೆ ನೋಡಿದವನು ನಾನು. ಆದರೆ ಗ್ಯಾರೇಜಿನ ಹುಡುಗರಲ್ಲಿ ಒಬ್ಬನೂ ಲಾಂಗು ಹಿಡಿಯಲಿಲ್ಲ. ಒಬ್ಬ ಈಗ ತುಮಕೂರಿನಲ್ಲಿ ಟೈರ್ ಅಂಗಡಿ ಇಟ್ಟಿದ್ದಾನೆ. ಅವರಿಗೆ ಆ ವಯಸ್ಸಿನಲ್ಲಿ ಮಾಲೀಕನ ಮುಂದೆ ನೆಟ್ಟಗೆ ನಿಲ್ಲಲು ಒಂದು ಭಂಗಿ ಬೇಕಾಗಿತ್ತು, ಸಿನಿಮಾದಲ್ಲಿ ಸಿಕ್ಕಿತು, ತಗೊಂಡರು. ಸಂಬಳವೇ ಇಲ್ಲದ ಕಡೆ, ಪಕ್ಕದ ಮನೆಯಲ್ಲೇ ನಿಜವಾದ ಗ್ಯಾಂಗ್ ಇರುವ ಕಡೆ ಅದೇ ಭಂಗಿ ಬೇರೆ ದಾರಿ ಹಿಡಿಯಬಹುದು. ಆ ವ್ಯತ್ಯಾಸ ಪರದೆಯಲ್ಲಿಲ್ಲ, ಥಿಯೇಟರ್‌ನಿಂದ ಹೊರಗೆ ಕಾಲಿಟ್ಟ ಬೀದಿಯಲ್ಲಿದೆ.

ಈ ವಿಷಯವನ್ನು ತಮಾಷೆಯಾಗಿ ಹಿಡಿದದ್ದು ಅದೇ ಶ್ಮಿಟ್ಸ್ ಅವರ 2000ರ ‘ಹೈಜಾಕ್ ಸ್ಟೋರೀಸ್’. ಅನುಕೂಲಸ್ಥ ಬಡಾವಣೆಯ ಕಪ್ಪು ನಟ, ಟಿವಿಯಲ್ಲಿ ಗ್ಯಾಂಗ್‌ಸ್ಟರ್ ಪಾತ್ರ ಬೇಕು ಅಂತ ಸೊವೆಟೊಗೆ ಹೋಗಿ ನಿಜವಾದ ಕಳ್ಳನ ಹತ್ತಿರ ತರಬೇತಿ ತಗೊಳ್ಳುತ್ತಾನೆ. ಕೊನೆಗೆ ಆ ಪಾತ್ರ ಸಿಗುವುದು ಕಳ್ಳನಿಗೆ. ಇಂಡಿಯನ್ ಟೌನ್‌ಶಿಪ್‌ನ ಸಿನಿಮಾವೂ ಒಂದಿದೆ, ಜೂಡಿ ನಾಯ್ಡು ಅವರ 2019ರ ‘ಕಿಂಗ್ಸ್ ಆಫ್ ಮಲ್ಬೆರಿ ಸ್ಟ್ರೀಟ್’. ಎಂಬತ್ತರ ದಶಕದ ಡರ್ಬನ್ ಕಡೆಯ ಇಬ್ಬರು ಹುಡುಗರು. ಅವರಲ್ಲೊಬ್ಬನಿಗೆ ಹಿಂದಿ ಸಿನಿಮಾದ ಹುಚ್ಚು. ಊರಿನ ರೌಡಿಗಳನ್ನು ಎದುರಿಸುವ ಧೈರ್ಯವನ್ನೂ ಅಲ್ಲಿಂದಲೇ ಸಾಲ ತಂದಿದ್ದಾನೆ.

‘ಟ್ಸೋಟ್ಸಿ’ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. 2005ರದು, 2006ರಲ್ಲಿ ಆಸ್ಕರ್ ಬಂತು. ಟೌನ್‌ಶಿಪ್‌ಗಳಲ್ಲಿ ಅದರ ಕಳ್ಳ ಡಿವಿಡಿ ಜೋರಾಗಿ ಓಡಿತು, ಕಳ್ಳನ ಸಿನಿಮಾಕ್ಕೆ ತಕ್ಕ ಹಾಗೆ. ಕೊನೆಯ ದೃಶ್ಯದಲ್ಲಿ ಹುಡುಗ ಕೈ ಮೇಲೆತ್ತಿ ನಿಲ್ಲುತ್ತಾನೆ. ಅವನು ಸಾಯುವ ಹಾಗೆ ಒಂದು, ತಪ್ಪಿಸಿಕೊಳ್ಳುವ ಹಾಗೆ ಒಂದು, ಹೀಗೆ ಬೇರೆ ಅಂತ್ಯಗಳನ್ನೂ ತೆಗೆದಿಟ್ಟಿದ್ದರು. ಮಾಡಿದವರಿಗೇ ಗೊಂದಲ ಇತ್ತು ಅಂತ ತಿಳಿದಾಗ ನನಗೆ ಆ ಸಿನಿಮಾದ ಮೇಲೆ ಪ್ರೀತಿ ಸ್ವಲ್ಪ ಹೆಚ್ಚಾಯಿತು.

ಬಿ-ಸ್ಕೀಮ್ ಸಿನಿಮಾಗಳ ರೀಲುಗಳು ಎಷ್ಟೋ ವರ್ಷ ಡಬ್ಬಗಳಲ್ಲಿ ಕೊಳೆಯುತ್ತಿದ್ದವು. ಈಚೆಗೆ ಕೆಲವನ್ನು ಹುಡುಕಿ, ತೊಳೆದು, ಸರಿಮಾಡಿದ್ದಾರೆ. 2014ರಲ್ಲಿ ಡರ್ಬನ್ ಚಿತ್ರೋತ್ಸವದಲ್ಲಿ ‘ಜೋ ಬುಲೆಟ್’ ಮತ್ತೆ ಪರದೆಗೆ ಬಂತು, ನಲವತ್ತು ವರ್ಷದ ಮೇಲೆ. ಈ ಸುದ್ದಿ ಓದಿದಾಗ ನನ್ನ ಡ್ರೈವರ್ ನೆನಪಾದರು. ಆ ಹ್ಯಾಟಿನವನ ಸಿನಿಮಾವೂ ಆ ಡಬ್ಬಗಳಲ್ಲಿ ಎಲ್ಲೋ ಇರಬಹುದು. ಹೆಸರಿಲ್ಲದೆ ಹುಡುಕುವುದು ಹೇಗೆ?

ಜೊಹಾನ್ಸ್‌ಬರ್ಗ್ ಬಿಡುವ ದಿನ ಏರ್‌ಪೋರ್ಟಿಗೆ ಹೋಗುವಾಗ ಅವರನ್ನು ಕೇಳಿದ್ದೆ, “ಆ ಸಿನಿಮಾದಲ್ಲಿ ಕೊನೆಗೆ ಏನಾಯ್ತು? ಹ್ಯಾಟಿನವನು ಸಿಕ್ಕಿಬಿದ್ದನಾ?”

“ಯಾರಿಗೆ ಗೊತ್ತು” ಅಂದರು. “ಕೊನೆ ರೀಲು ಓಡುವಾಗ ಕರೆಂಟ್ ಹೋಯಿತು. ಪ್ರೊಜೆಕ್ಟರ್‌ನವನು ಎಲ್ಲ ಕಟ್ಟಿಕೊಂಡು ಹೊರಟುಬಿಟ್ಟ. ನಾವು ಆರು ಜನ ಹುಡುಗರು. ಮನೆಗೆ ಹೋಗುವ ದಾರಿಯಲ್ಲಿ ಕತ್ತಲಲ್ಲಿ ನಾವೇ ಮುಗಿಸಿದೆವು, ಒಬ್ಬೊಬ್ಬ ಒಂದೊಂದು ಥರ.”

“ನಿಮ್ಮದರಲ್ಲಿ?”

ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ರೋಬೋಟ್ ಕೆಂಪಾಗಿತ್ತು. ಖಾಲಿ ಕೈಯಲ್ಲಿ ಆ ಹ್ಯಾಟನ್ನು ಇನ್ನೊಮ್ಮೆ ಓರೆ ಮಾಡಿಕೊಂಡರು.